ನನ್ನ ಸ್ವಂತ ಕನ್ನಡ

ನಮ್ಮ ಕನ್ನಡ ಸರ್ ಬೆಂಗಳೂರಿನವರು. ಬಂಟ್ವಾಳಕ್ಕೆ ಬಂದು ಇನ್ನೂ ವರ್ಷವಾಗಿಲ್ಲ, ಆಗಲೇ ನಾವು ಬಾಯಿ ತೆರೆದರೆ ಸಾಕು, ನಗುತ್ತಾರೆ. ‘ನಮ್ಮ ಮನೆಯವರ ಕೆಲಸ’ ಎಂಬ ಪ್ರಬಂಧ ಕೊಟ್ಟ ದಿನ ದೊಡ್ಡ ಉಪದೇಶ ಮಾಡಿದ್ದರು.

“ಎಐ ಹತ್ರ ಕೇಳಿ, ತಪ್ಪಿಲ್ಲ. ಆದ್ರೆ ಬರೆಯೋದು ನೀವೇ. ಏನಕ್ಕೆ ಬಳಸಿದ್ರಿ ಅಂತ ಕೊನೇಲಿ ನಿಜ ಬರೀರಿ.”

ಪೆದ್ದಿ ನಾನು, ನಂಬಿದೆ. ನನ್ನ ತಾಯಿಯ ಬಗ್ಗೆ, ಬೀಡಿ ಕಟ್ಟಿ ನನ್ನನ್ನು ಓದಿಸುವ ಉಮ್ಮನ ಬಗ್ಗೆ ಒದ್ದಾಡಿ ಒದ್ದಾಡಿ ಬರೆದೆ. ಕೊನೆಯಲ್ಲಿ ‘ಕಾಗುಣಿತ ನೋಡಲು ಮಾತ್ರ ಎಐ ಬಳಸಿದ್ದೇನೆ’ ಎಂದೂ ಸೇರಿಸಿದೆ.

ಸರ್ ಸ್ಟಾಫ್ ರೂಮಿಗೆ ಕರೆಸಿದರು.

“ಏನಮ್ಮ ಸಮೀನಾ, ‘ಉಮ್ಮ ಎಲೆಗಳನ್ನು ನೀರಿನಲ್ಲಿ ನೆನೆಸಿಡುತ್ತಾರೆ, ಅನಂತರ ಕತ್ತರಿಸುತ್ತಾರೆ’. ಯಾರು ಹಿಂಗೆ ಮಾತಾಡ್ತಾರೆ? ಇದು ಮೆಷಿನ್ ಕನ್ನಡ.”

“ನಾವು ಮಾತಾಡುವುದೇ ಹೀಗೆ ಸರ್.”

“ಯಾರಿಗೆ ಟೋಪಿ ಹಾಕ್ತೀಯ? ಕಾಗುಣಿತಕ್ಕೆ ಮಾತ್ರ ಅಂತೆ! ನಾಳೆ ನಿನ್ನ ಮಾತಲ್ಲೇ ಬರ್ಕೊಂಡು ಬಾ. ಇಲ್ಲಾಂದ್ರೆ ಸೊನ್ನೆ. ಪರೀಕ್ಷೆಗೂ ಕೂರಿಸಲ್ಲ.”

ನನ್ನ ಮಾತಂತೆ! ಮನೆಯಲ್ಲಿ ಬ್ಯಾರಿ, ವಿಟ್ಲದಿಂದ ಬರುವ ಬಸ್ಸಿನಲ್ಲಿ ತುಳು. ಕನ್ನಡ ನನಗೆ ಸಿಕ್ಕಿದ್ದೇ ಪಾಠಪುಸ್ತಕದಲ್ಲಿ. ಅದು ಪುಸ್ತಕದ ಹಾಗಿರದೆ ಇನ್ನು ಹೇಗಿರಬೇಕು?

ಪಕ್ಕದಲ್ಲಿ ಕೂರುವ ತೃಷಾ ಇಡೀ ಪ್ರಬಂಧವನ್ನು ಎಐ ಕೈಯಲ್ಲೇ ಬರೆಸಿ, ‘ಬಳಸಿಲ್ಲ’ ಎಂದು ಬರೆದು, ಹತ್ತಕ್ಕೆ ಒಂಬತ್ತು ತೆಗೆದುಕೊಂಡಿದ್ದಳು. ಸುಳ್ಳಿಗೆ ಸುಖವಿಲ್ಲವಂತೆ! ಅವಳ ಮುಖ ನೋಡಬೇಕಿತ್ತು.

“ನೀನು ಎಂತಕ್ಕೆ ಮಾರಾಯ್ತಿ ನಿಜ ಬರೀಲಿಕ್ಕೆ ಹೋದದ್ದು? ‘ಸರ್ ಮಾತಾಡುವ ಹಾಗೆ ಮಾಡಿಕೊಡು’ ಅಂತ ಎಐಗೇ ಹೇಳು. ಅದಕ್ಕೆ ಎಲ್ಲ ಗೊತ್ತುಂಟು.”

ನನ್ನ ಪ್ರಬಂಧವನ್ನು ಅವಳ ಫೋನಿನಲ್ಲೇ ಎಐಗೆ ಹಾಕಿದೆವು. ಕಣ್ಣು ಮಿಟುಕಿಸುವಷ್ಟರಲ್ಲಿ ಉಮ್ಮ ಹೋಗಿ ‘ನಮ್ಮಮ್ಮ’ ಬಂದಳು. ‘ಎಲೆ ನೆನೆಸಿಡ್ತಾಳೆ, ಆಮೇಲೆ ಕಟ್ ಮಾಡ್ತಾಳೆ. ನಾನೂ ಹೆಲ್ಪ್ ಮಾಡ್ತೀನಿ ಕಣ್ರೀ!’ ಯಾರೋ ಗುರುತಿಲ್ಲದ ಹೆಂಗಸು ನಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಓದಿ ನಾಚಿಕೆಯಾಯಿತು, ಅಳುವೂ ಬಂತು. ಆದರೆ ಪರೀಕ್ಷೆ ಬಿಡುವ ಧೈರ್ಯ ನನಗೆಲ್ಲಿದೆ? ಅದನ್ನೇ ಹಾಳೆಗೆ ಇಳಿಸಿ ಕೊಟ್ಟೆ.

ಸರ್ ಓದಿ ಮುಖ ಅರಳಿಸಿದರು.

“ನೋಡು, ಈಗ ಬಂತು ನಿನ್ನ ಸ್ವಂತ ದನಿ! ಕೆಳಗೆ ಒಂದ್ ಸಾಲು ಬರೆದುಬಿಡು, ಎಐ ಬಳಸಿಲ್ಲ ಅಂತ.”

ಅವರ ಮೇಜಿನ ಮೇಲೆಯೇ ಹಾಳೆ ಇಟ್ಟು ಬರೆದೆ: ‘ಎಐ ಬಳಸಿಲ್ಲ.’

ಆ ಇಡೀ ಪ್ರಬಂಧದಲ್ಲಿ ನನ್ನ ಸ್ವಂತದ್ದು ಎನ್ನುವ ಸಾಲು ಅದೊಂದೇ.