ಒಂದೇ ಸಾಲಿನ ದಾಖಲೆ

ಯಂತ್ರದ ದಾಖಲೆ ಒಪ್ಪಿಸಿ ಎಂದು ಕಾರ್ಮಿಕ ಮಧ್ಯಸ್ಥಿಕೆ ಕಚೇರಿ ಕಾರ್ಖಾನೆಗೆ ಆಜ್ಞೆ ಮಾಡಿತ್ತು. ಒಪ್ಪಿಸಿದರು. ಅಪಘಾತವಾದ ಇಡೀ ದಿನದ್ದನ್ನು ಒಂದು ಡಿಸ್ಕಿನಲ್ಲಿ, ಒಂದೇ ಸಾಲಿನಲ್ಲಿ ಒಪ್ಪಿಸಿದರು. ಎಲ್ಲೂ ಸಾಲು ಮುರಿದಿಲ್ಲ, ಜಾಗ ಬಿಟ್ಟಿಲ್ಲ. ಆವರಣ, ಅಲ್ಪವಿರಾಮ, ಅಂಕಿ, ಮತ್ತೆ ಆವರಣ. ಚೀನೀ ಅಕ್ಷರ ಇರಬೇಕಾದ ಕಡೆಯಲ್ಲೆಲ್ಲ ಒಂದು ಓರೆಗೆರೆ, ಅದರ ಬೆನ್ನಿಗೆ ಅರ್ಥವಾಗದ ಸಂಕೇತ. ಕೇಳಿದ್ದನ್ನು ಕೊಟ್ಟಿದ್ದೇವೆ, ಓದಿಕೊಳ್ಳುವುದು ನಿಮ್ಮ ಕರ್ಮ ಎನ್ನುವ ಹಾಗೆ.

ಆ ಸಾಲಿನೊಳಗೆಲ್ಲೋ ನನ್ನ ದೊಡ್ಡಪ್ಪನ ಮಗ ಯೊಂಗ್‌ಫಾನ ಬಲಗೈ ಇತ್ತು.

ಆ ಕೈಯನ್ನು ಜಜ್ಜಿದ್ದು ತಗಡು ಒತ್ತುವ ಪ್ರೆಸ್ಸು. ಕೈ ಅಡ್ಡ ಬಂದರೆ ಅದನ್ನು ತಡೆಯಬೇಕಾದ ಸೆನ್ಸರನ್ನು ಅವನೇ ಆಫ್ ಮಾಡಿದ್ದ, ತಪ್ಪು ಅವನದೇ ಎನ್ನುವುದು ಕಾರ್ಖಾನೆಯ ವಾದ. ಆಫ್ ಮಾಡುವುದೇನೂ ಹೊಸದಲ್ಲ. ದೊಂಗ್‌ಗುವಾನಿನ ಆ ಶೆಡ್ಡಿನಲ್ಲಿ ನಾನೂ ಸೇರಿ ಎಲ್ಲರೂ ಮಾಡುತ್ತಿದ್ದೆವು, ಮೇಸ್ತ್ರಿಯೇ ಮಾಡಿಸುತ್ತಿದ್ದ. ಇಲ್ಲದಿದ್ದರೆ ಅವರು ಹೇಳಿದಷ್ಟು ಮಾಲು ಇಳಿಯುತ್ತಿರಲಿಲ್ಲ. ಆದರೆ ಆ ದಿನ? ಯೊಂಗ್‌ಫಾನಿಗೆ ನೆನಪಿರಲಿಲ್ಲ. ಎಲ್ಲರಿಂದ ಅದನ್ನೇ ಕೇಳಿ ಕೇಳಿ, ನಾನೇ ಆಫ್ ಮಾಡಿರಬೇಕು ಬಿಡು ಎನ್ನುವ ಮಟ್ಟಕ್ಕೆ ಬಂದಿದ್ದ. ಒಪ್ಪಿಕೊಂಡು ಸಹಿ ಹಾಕಿ ಹೋಗಿಬಿಡುತ್ತೇನೆ ಎನ್ನುತ್ತಿದ್ದ.

ನಾನು ಫೋನಿನಲ್ಲಿ ವಿಡಿಯೊ ನೋಡಿ ಕಲಿತು, ಆ ಸಾಲನ್ನು ಒಂದು ಸಾಫ್ಟ್‌ವೇರಿಗೆ ಹಾಕಿ ಬಿಡಿಸಿದೆ. ಒಂದೊಂದು ವಿಷಯ ಒಂದೊಂದು ಸಾಲಿಗೆ ಬಂತು, ಸಂಕೇತಗಳು ಅಕ್ಷರಗಳಾದವು. ಪ್ರೆಸ್ ಕೈ ಮೇಲೆ ಬಿದ್ದ ಹೊತ್ತಿಗೆ ಸೆನ್ಸರ್ ಆನ್ ಇತ್ತು, ತಡೆಯದೆ ಹೋದದ್ದು ಯಂತ್ರವೇ. ಪ್ರಿಂಟ್ ತೆಗೆಸಿ ಅವನ ಮುಂದೆ ಹಿಡಿದೆ. ಅವನು ಬಹಳ ಹೊತ್ತು ನೋಡಿ, "ನನ್ನ ಸಮಾಧಾನಕ್ಕೆ ನೀನೇ ತಿದ್ದಿದೀಯ ಅಲ್ವೇನೋ?" ಅಂದ.

ವಿಚಾರಣೆಯಲ್ಲಿ ಕಾರ್ಖಾನೆಯ ವಕೀಲ ತಾವ್ ಕೂಡ ಅದನ್ನೇ ಹೇಳಿದ, ಇನ್ನಷ್ಟು ನಯವಾಗಿ. ಮಧ್ಯಸ್ಥೆ ನಿಯೆ ನನ್ನ ಹಾಳೆಗಳನ್ನು ಪಕ್ಕಕ್ಕಿಟ್ಟರು. ಕೈಯಾಡಿಸಿದ ದಾಖಲೆ ನಡೆಯುವುದಿಲ್ಲವಂತೆ. ಹಾಗಾದರೆ ಮೂಲವನ್ನೇ ಓದಿ ಎಂದೆ. ಅದನ್ನು ಓದಲು ಬರುವುದಿಲ್ಲವಲ್ಲ ಎಂದರು. ಓದಲು ಬರುವುದನ್ನು ಒಪ್ಪುವುದಿಲ್ಲ, ಒಪ್ಪುವುದನ್ನು ಓದಲು ಬರುವುದಿಲ್ಲ. ಮೇಜು ಮಗುಚಿ ಹಾಕುವಷ್ಟು ಸಿಟ್ಟು ಬಂತು. ಹಾಕಲಿಲ್ಲ; ಬೇಡಿಕೊಂಡೆ. ಇಲ್ಲೇ, ಅವರದೇ ಡಿಸ್ಕಿನಿಂದ, ನಿಮ್ಮದೇ ಕಂಪ್ಯೂಟರಿನಲ್ಲಿ, ಎಲ್ಲರೂ ನೋಡುವಾಗಲೇ ಕೈಯಲ್ಲಿ ಬಿಡಿಸುತ್ತೇನೆ ಎಂದೆ.

"ಎಷ್ಟನೇ ಕ್ಲಾಸು ಓದಿದೀಯಪ್ಪ?" ತಾವ್ ಕೇಳಿದ.

"ಎಂಟು. ನಿಮ್ಮ ಶೆಡ್ಡಿಗೆ ಸೇರಿಸ್ಕೊಳ್ಳುವಾಗ ಯಾರೂ ಕೇಳ್ಲಿಲ್ಲ."

ಗುಮಾಸ್ತೆ ಹುಡುಗಿ ತಲೆ ತಗ್ಗಿಸಿ ನಗು ನುಂಗಿದಳು. ನಿಯೆ ಗಡಿಯಾರ ನೋಡಿ, ಊಟದ ವಿರಾಮದೊಳಗೆ ಮುಗಿಸು ಎಂದರು.

ಅಪಘಾತದ ಹೊತ್ತನ್ನು ಹುಡುಕಿ, ಅಲ್ಲಿಂದ ಒಂದೊಂದು ಅಲ್ಪವಿರಾಮಕ್ಕೂ ಎಂಟರ್ ಒತ್ತುತ್ತ ಹೋದೆ. ಅವಸರ ಬೇರೆ. ತಪ್ಪಿ ಒಂದಂಕಿ ಅಳಿಸಿಹೋಯಿತು. ನೋಡಿದಿರಾ, ಹೀಗೆಯೇ ಮನೆಯಲ್ಲೂ ಆಗಿರುತ್ತದೆ ಎಂದ ತಾವ್. ಫೈಲು ಮುಚ್ಚಿ ಮತ್ತೆ ಮೊದಲಿನಿಂದ ತೆರೆಯಬೇಕಾಯಿತು. ಹೊರಗೆ ಕಾರಿಡಾರಿನಲ್ಲಿ ಆಗಲೇ ಊಟದ ಡಬ್ಬಿ ತೆರೆಯುತ್ತಿದ್ದರು. ನಾನು ಮತ್ತೆ ಒಂದು ಅಲ್ಪವಿರಾಮ ದಾಟಿಬಿಟ್ಟೆ.

ಯೊಂಗ್‌ಫಾ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದ. "ಸರಿಯೋ ಆ ಕಡೆ. ನಾನು ಒತ್ತೀನಿ, ನೀನು ಬರೀ ಜಾಗ ತೋರ್ಸು."

ಎಡಗೈಯ ಒಂದು ಬೆರಳಿನಿಂದ, ನಿಧಾನವಾಗಿ ಒತ್ತಿದ. ಪ್ರೆಸ್ ಕೆಳಗಿಳಿದ ಸಾಲು ಬಂತು. ಅದರ ಕೆಳಗೆ ಸೆನ್ಸರಿನ ಸಾಲು, ಅದರಲ್ಲಿ ಒಂದೇ ಒಂದು ಸಂಕೇತ. ನಾನು ಸ್ಕ್ರೀನನ್ನು ಗುಮಾಸ್ತೆಯ ಕಡೆ ತಿರುಗಿಸಿದೆ. ನಾನು ಹೇಳಿದರೆ ಅದೂ ಕೈಯಾಡಿಸಿದ ಹಾಗೆಯೇ. ನಿಯೆ ಕಣ್ಸನ್ನೆ ಮಾಡಿದ ಮೇಲೆ ಗುಮಾಸ್ತೆ ಆ ಸಂಕೇತ ಯಾವ ಅಕ್ಷರದ್ದೆಂದು ತನ್ನ ಕಂಪ್ಯೂಟರಿನಲ್ಲಿ ಹುಡುಕಿದಳು.

"ಆನ್," ಅಂದಳು. ಇನ್ನೊಮ್ಮೆ ನೋಡಿ, "ಆನ್ ಅಂತಾನೇ ಇದೆ ಮೇಡಂ."

ಹಾಗೆ ಇದ್ದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ ಎಂದು ತಾವ್ ಶುರು ಮಾಡಿದ. ತೀರ್ಪು ಇನ್ನೊಂದು ದಿನ, ಈಗ ಕಂಡದ್ದನ್ನಷ್ಟೇ ಬರೆದುಕೋ ಎಂದು ಗುಮಾಸ್ತೆಗೆ ಹೇಳಿ ನಿಯೆ ಎದ್ದರು. ತೀರ್ಪು ಯಾರ ಕಡೆ ಬೀಳುತ್ತದೆಂದು ನಿಯೆ ಅವರ ಮುಖದಲ್ಲಿ ಗೊತ್ತಾಗಲಿಲ್ಲ.

ಯೊಂಗ್‌ಫಾ ಏಳಲಿಲ್ಲ.

"ಅವತ್ತು ನಾನು ಆಫ್ ಮಾಡಿರ್ಲಿಲ್ಲ ಕಣೋ," ಅಂದ.