ಸಂಖ್ಯಾಶಾಸ್ತ್ರ, ಯಾರ ಹೆಸರಿಗೆ?

ಈ ಕಥೆಯನ್ನು ಎಲ್ಲಿಂದ ಎತ್ತಿಕೊಳ್ಳಬೇಕು? ಮೊದಲ ಕರಡನ್ನು ಪ್ಲಾಸ್ಟರಿನಿಂದ ಶುರುಮಾಡಿದ್ದೆ. ಟೊಂಕದ ಎಲುಬಿಗೆ ಕ್ಷಯ ತಗುಲಿ, ಎದೆಯಿಂದ ಮೊಣಕಾಲಿನ ತನಕ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ ಹದಿನಾರರ ಹುಡುಗಿ ವಿಕ್ಟೋರಿಯಾ. ಎರಡನೇ ವಾಕ್ಯಕ್ಕೇ ನನ್ನ ಕಣ್ಣು ಒದ್ದೆಯಾಯಿತು. (ಬರೆಯುವವನೇ ಮೊದಲು ಅತ್ತರೆ ಓದುಗರಿಗೆ ಕೆಲಸವೇನು ಉಳಿಯಿತು?) ಹರಿದು ಹಾಕಿದೆ. ಊರಿನಿಂದ ಶುರುಮಾಡುತ್ತೇನೆ.

೧

೧೯೬೨. ಹುಬ್ಬಳ್ಳಿ, ಧಾರವಾಡ ಎರಡೂ ಕೂಡಿ ಇನ್ನು ಮುಂದೆ ಒಂದೇ ಊರು ಎಂದು ಸರ್ಕಾರ ಹೇಳಿದ ವರ್ಷ. ಎರಡರ ಸರಾಸರಿ ತೆಗೆದರೆ ಬೈರಿದೇವರಕೊಪ್ಪ ಬರುತ್ತದೆ. ಅಲ್ಲಿ ಯೋಹಾನನ ಮನೆ. ಅವನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್, ವಿಕ್ಟೋರಿಯಾಳ ಅಪ್ಪ. ಮಗಳಿಗೆ ಶಾಲೆ ಬಿಟ್ಟುಹೋಗಿತ್ತು, ಓದು ಬಿಟ್ಟಿರಲಿಲ್ಲ. ಮಲಗಿದಲ್ಲೇ ಓದಿ, ಹೊರಗಿನಿಂದ ಮ್ಯಾಟ್ರಿಕ್ ಕಟ್ಟುವವಳಿದ್ದಳು.

ಪ್ಲಾಸ್ಟರು ಹಾಕಿದ ದಿನ ಡಾಕ್ಟರು ಹೇಳಿದ್ದರು: “ಇಂಥಾ ಹತ್ತು ಮಂದಿಯೊಳಗ ಏಳು ಮಂದಿ ಎದ್ದು ಅಡ್ಡಾಡ್ತಾರ.” ಯೋಹಾನನಿಗೆ ಕೇಳಿಸಿದ್ದು ಏಳು. ಮಗಳಿಗೆ ಕೇಳಿಸಿದ್ದು ಉಳಿದ ಮೂರು.

“ಆ ಏಳು ಎಲ್ಲಿಂದ ಬಂತ್ರಿ?” ಕೇಳಿದಳು ಮಗಳು.

“ಅದಕ್ಕ ಸಂಖ್ಯಾಶಾಸ್ತ್ರ ಅಂತ ಬ್ಯಾರೇನ ಒಂದು ವಿಷಯ ಐತವಾ.”

“ಅಪ್ಪಾ, ಅದರ ಪುಸ್ತಕ ತಂದುಕೊಡು,” ಅಂದಳು ಅವಳು. “ನಾ ಏಳರಾಗ ಅದೀನೋ ಮೂರರಾಗ ಅದೀನೋ ನೋಡಬೇಕು.”

೨

(ಅಂಗಡಿಯ ಈ ದೃಶ್ಯವನ್ನು ಗಂಭೀರವಾಗಿಯೇ ಬರೆಯಲು ಕೂತಿದ್ದೆ. ನನ್ನ ಮಾತು ಯಾರು ಕೇಳುತ್ತಾರೆ.)

ಯೋಹಾನ ರಜೆ ಹಾಕಿ ಧಾರವಾಡಕ್ಕೆ ಹೋದ. ಬಾಳಕೃಷ್ಣನ ಪುಸ್ತಕದಂಗಡಿಯಲ್ಲಿ ಕೇಳಿದ: “ಸಂಖ್ಯಾಶಾಸ್ತ್ರದ ಪುಸ್ತಕ ಐತೇನ್ರಿ?”

“ಯಾರ ಹೆಸರಿಗ್ರಿ?”

ಯೋಹಾನ ತುಸು ತಬ್ಬಿಬ್ಬಾದ. “ನನ್ನ ಮಗಳ ಹೆಸರಿಗ್ರಿ. ವಿಕ್ಟೋರಿಯಾ.”

“ಹುಟ್ಟಿದ ತಾರೀಖು?”

“ಸಾಲ್ಯಾಗ ಬರಸಿದ್ದು ಜೂನ್ ಒಂದು. ಖರೇ ಅಂದ್ರ ಮೇ ಹನ್ನೆರಡು.”

ಬಾಳಕೃಷ್ಣ ಬೆರಳು ಮಡಚಿದ. “ಹನ್ನೆರಡು ಅಂದ್ರ ಒಂದು, ಎರಡು. ಕೂಡಿದ್ರ ಮೂರು ಬಂತು ನೋಡ್ರಿ.”

ಯೋಹಾನನ ಮುಖ ಸಪ್ಪಗಾಯಿತು. “ಮೂರು ಬ್ಯಾಡ್ರಿ. ಮತ್ತೊಮ್ಮೆ ನೋಡ್ರಿ.”

“ಮೂರು ಛಲೋ ಅಂಕಿ ಐತ್ರಿ.”

“ಛಲೋ ಇಲ್ಲರೀ. ಏಳು ಬೇಕ್ರಿ.”

ಇಂಥ ಗಿರಾಕಿಗಳನ್ನು ಬಾಳಕೃಷ್ಣ ಬೇಕಾದಷ್ಟು ನೋಡಿದ್ದ. ಒಂದು ತೆಳು ಪುಸ್ತಕ ಮುಂದೆ ತೆರೆದಿಟ್ಟು, ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು ಒಂದೊಂದು ಅಕ್ಷರಕ್ಕೂ ಅಂಕಿ ಹಚ್ಚಿದ. “ಹೆಸರಿಂದ ಹಿಡದ್ರ ಏಳ ಬರತೈತ್ರಿ.”

“ಹಂಗಾರ ಹೆಸರಿಂದನ ಹಿಡೀರಿ,” ಅಂದ ಯೋಹಾನ. ಹೋದ ಜೀವ ಬಂದಂತಾಯಿತು. ಡಾಕ್ಟರ ಮಾತು, ಪ್ಲಾಸ್ಟರು, ಹತ್ತು ಮಂದಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ.

ಬಾಳಕೃಷ್ಣ ಚೀಟಿ ಬದಿಗಿಟ್ಟ. ಮೇಲಿನ ಕಪಾಟಿನಿಂದ ಬೇರೊಂದು ಪುಸ್ತಕ ಇಳಿಸಿ ಧೂಳು ಒರೆಸಿದ. ಇಂಗ್ಲಿಷಿನದು, ಕಾಲೇಜಿನವರದು. ಹೈಸ್ಕೂಲಿಗೆಂದು ಬರೆದದ್ದು ಅವನಲ್ಲಿ ಇರಲಿಲ್ಲ.

“ತಪ್ಪಾತ್ರಿ. ನಾ ಹೇಳಿದ್ದು ಹೆಸರಿನ ಭವಿಷ್ಯ. ಡಾಕ್ಟರು ಹೇಳಿದ್ದು ಇದು. ಎರಡಕ್ಕೂ ಸಂಖ್ಯಾಶಾಸ್ತ್ರ ಅಂತನ ಅಂತಾರ.”

“ಇದರಾಗ ನನ್ನ ಮಗಳು ಏಳರಾಗ ಅದಾಳೋ ಇಲ್ಲೋ ಬರದಿರತಾರೇನ್ರಿ?”

“ಇಲ್ಲರೀ. ಹತ್ತು ಮಂದಿ ಬಗ್ಗೆ ಹೇಳತೈತಿ. ಅದರಾಗಿನ ಒಬ್ಬರ ಬಗ್ಗೆ ಹೇಳಂಗಿಲ್ಲ. ಒಬ್ಬರ ಬಗ್ಗೆ ಹೇಳೋದು ಆ ಇನ್ನೊಂದು.”

ಯೋಹಾನ ಎರಡೂ ಪುಸ್ತಕದ ಮೇಲೆ ಒಂದೊಂದು ಕೈ ಇಟ್ಟು ನಿಂತ. ಭವಿಷ್ಯ ಕೇಳುವುದು ಅವರ ಚರ್ಚಿನಲ್ಲಿ ಪಾಪ. ಆದರೂ ಪಾಪದ ಪುಸ್ತಕದಲ್ಲೇ ಮಗಳು ನಡೆಯುತ್ತಿದ್ದಳು. ಅವನಿಗೆ ಅಳು ಬಂತು.

೩

ಒಂದು ಅಂತ್ಯ: ಭವಿಷ್ಯದ ಪುಸ್ತಕ ಒಯ್ಯುತ್ತಾನೆ. ಮಗಳು ಹೆಸರು ಕೂಡಿಸುತ್ತಾಳೆ, ಏಳು ಬರುತ್ತದೆ, ನಗುತ್ತಾಳೆ. (ಎರಡು ಪುಟ ತಿರುವಿ ತಾರೀಖನ್ನೂ ಕೂಡಿಸುತ್ತಾಳೆ ಎಂಬುದನ್ನು ಮರೆತಿದ್ದೆ. ಹೊಡೆದು ಹಾಕಿದೆ.)

ಇನ್ನೊಂದು: ಕಾಲೇಜಿನದು ಒಯ್ಯುತ್ತಾನೆ. ತನ್ನ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲವೆಂದು ತಿಳಿದು ಅವಳು ಗೋಡೆಯ ಕಡೆ ಮುಖ ಮಾಡುತ್ತಾಳೆ. (ಎದೆತನಕ ಪ್ಲಾಸ್ಟರು ಹಾಕಿಸಿಕೊಂಡವಳು ಬರೇ ಮುಖ ತಿರುಗಿಸಿದರೂ ಎಷ್ಟು ಕಷ್ಟ. ಇದನ್ನೂ ಹೊಡೆದೆ.)

“ರೀ, ಬರಿಯೋರ,” ಅಂದಳು ವಿಕ್ಟೋರಿಯಾ. “ಓದಾಕಿ ನಾನು. ನನ್ನ ಒಮ್ಮೆರೆ ಕೇಳಿದ್ರೇನು?”

“ಯಾವುದು ಬೇಕು?”

“ಕಾಲೇಜಿಂದು.”

“ಅದು ನಿನ್ನ ಬಗ್ಗೆ ಏನೂ ಹೇಳುವುದಿಲ್ಲ.”

“ನಾ ಮೂರರಾಗ ಅದೀನಿ ಅಂತನೂ ಹೇಳಂಗಿಲ್ಲ, ಹೌದಲ್ರಿ? ಅದನ್ನ ತರಸ್ರಿ. ಲಗೂ ತರಸ್ರಿ, ಅಪ್ಪಾ ಅಲ್ಲಿ ನಿಂತಕೊಂಡ ಅಳಾಕತ್ತಾನ.”

೪

ತರಿಸಿದೆ. ಮಂಚದ ಮೇಲಿನಿಂದ ಅಡ್ಡ ಕಟ್ಟಿದ ಹಲಗೆಗೆ ಪುಸ್ತಕ ಆನಿಸಿ ಕೊಟ್ಟಿದ್ದಾನೆ ಯೋಹಾನ. ಫಿಟ್ಟರನ ಕೆಲಸ, ಅಲುಗಾಡುವುದಿಲ್ಲ. ಮೊದಲ ಅಧ್ಯಾಯ ನಡೆದಿದೆ. ತಿಳಿಯದ ಇಂಗ್ಲಿಷ್ ಪದ ಬಂದರೆ ಅಪ್ಪನನ್ನು ಕೇಳುತ್ತಾಳೆ. ಅವನಿಗೂ ತಿಳಿಯುವುದಿಲ್ಲ, ಇಬ್ಬರೂ ಮುಂದಿನ ಸಾಲಿಗೆ ಹೋಗುತ್ತಾರೆ.

“ಇನ್ನೊಂದು ಮಾತ್ರೀ,” ಅಂದಳು ನನಗೆ. “ಪ್ಲಾಸ್ಟರ್ ತಗಿಯೋ ದಿನದ್ದು ನೀವು ಬರಿಬ್ಯಾಡ್ರಿ.”

ಓದುಗರೇ, ನಿಮಗೆ ಆ ದಿನ ಬೇಕು, ಗೊತ್ತು. ನನಗೂ ಬೇಕು. ಆದರೆ ಬರೆಯಲು ಕೂತರೆ ನಾನು ಅವಳನ್ನು ನಡೆಸಿಯೇಬಿಡುತ್ತೇನೆ, ಬೇರೇನನ್ನೂ ಬರೆಯಲಿಕ್ಕೆ ನನ್ನ ಕೈ ಏಳುವುದಿಲ್ಲ. ಅದು ಅವಳಿಗೂ ಗೊತ್ತು. ಅದಕ್ಕೇ ಬೇಡ ಅಂದಳು.