ಗುಡ್ಡ ಹತ್ತಿದ ಜೀಪು

ಅಂಗಾತ ಮಲಗಿ ಸಿದ್ದಾರೂಢ ಜೀಪಿನ ಹೊಟ್ಟೆಯನ್ನು ತಡವಿದ. ಬೆರಳಿಗೆ ಕೆಮ್ಮಣ್ಣು ಹತ್ತಿತು.

"ಏಳ್ರೀ, ಅಂಗಿ ಹೊಲಸಾಗತದ," ಎಂದಳು ಹೆಂಡತಿ ಶೈಲಾ. ಖಡಕಿಯಲ್ಲಿ ಅವಳ ಅಕ್ಕನ ಮನೆಯಲ್ಲಿ ಊಟವಿತ್ತು. ಸರ್ವಿಸಿಗೆ ಬಿಟ್ಟ ಜೀಪಿನಲ್ಲೇ ಹೋಗೋಣವೆಂದು ಇಬ್ಬರೂ ಮೊದಲು ಭೋಸರಿಯ ಈ ಸೆಂಟರಿಗೆ ಬಂದಿದ್ದರು.

ಇಂಜಿನಿನ ಕೆಳಗಿನ ತಗಡು ಒಳಕ್ಕೆ ಬಾಗಿತ್ತು. ಬಾಗಿಲ ಮೇಲೆ ಮುಳ್ಳುಕಂಟಿಯ ಗೀರು. ಕೊಟ್ಟದ್ದು ಬರೀ ಆಯಿಲ್ ಬದಲಿಸಲು. ಅಮಾವಾಸ್ಯೆಗೊಮ್ಮೆ ಕಾಯಿ ಒಡೆಸಿಕೊಂಡು, ಗಾಜಿಗೆ ವಿಭೂತಿ ಬಳಿಸಿಕೊಂಡು, ಸೀಟಿನ ಪ್ಲಾಸ್ಟಿಕ್ಕು ಕೂಡ ಕಳಚದೆ ಸುಖವಾಗಿದ್ದ ಗಾಡಿ. ಗುಡ್ಡ ಹತ್ತಲೆಂದೇ ಮಾಡಿದ ಅದನ್ನು ಅವನು ಆಫೀಸಿಗೆ ಓಡಿಸುತ್ತಿದ್ದ. ಆಫೀಸಿನಲ್ಲಿ ಅವನ ಕೆಲಸ ಗೇರುಗಳ ನಕ್ಷೆ ಬರೆಯುವುದು.

"ಯಾರು ಒಯ್ದಿದ್ರು ಇದನ್ನ?"

ರಿಪೇರಿಯಾದ ಗಾಡಿ ಓಡಿಸಿ ಟ್ರಯಲ್ ನೋಡುವ ಏಕನಾಥ ಮುಚ್ಚಿಡುವ ಗೋಜಿಗೇ ಹೋಗಲಿಲ್ಲ. ಮಾತು ಮರಾಠಿ, ನೋಟ ಶೈಲಾಳ ಕಡೆ. ಚಾಕಣದ ಆಚೆಯ ಗುಡ್ಡಕ್ಕೆ ಒಯ್ದಿದ್ದನಂತೆ. ನಾಲ್ಕೂ ಚಕ್ರ ಎಳೆಯುವಂತೆ ಫೋರ್ ವೀಲಿಗೆ ಹಾಕಿದ್ದೇ ತಡ, ಬಂಡೆಯಿಂದ ಬಂಡೆಗೆ ಹತ್ತುತ್ತ ಹೋಯಿತಂತೆ.

"ವಾಘ ಆಹೆ, ವೈನಿ, ವಾಘ!"

"ಹುಲಿ ಅಂತ," ಎಂದಳು ಶೈಲಾ, ಗಂಡನಿಗೆ ಮರಾಠಿ ಬಾರದೆಂಬಂತೆ. ಅವಳ ಕಣ್ಣು ಹೊಳೆಯುತ್ತಿತ್ತು. ತುದಿಯವರೆಗೂ ಹೋಯಿತೇ ಎಂದು ಏಕನಾಥನನ್ನೇ ಕೇಳಿದಳು.

ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ! ಸಿದ್ದಾರೂಢನಿಗೆ ಹೊಟ್ಟೆ ಉರಿಯಿತು. ಉರಿದದ್ದು ತಗಡಿಗಾಗಿ ಅಲ್ಲ. ತನ್ನ ಜೀಪು ಇನ್ನೊಬ್ಬನ ಕೈಯಲ್ಲಿ ಹುಲಿಯಾಗಿತ್ತು, ತನ್ನ ಕೈಯಲ್ಲಿ ಅದು ಎಂದೂ ಬಾಲ ಕೂಡ ಎತ್ತಿರಲಿಲ್ಲ. ಬೈಯಲು ಬಾಯಿ ತೆರೆದವನಿಗೆ, ಹತ್ತುವಾಗ ಅದರ ಸದ್ದು ಹೇಗಿತ್ತು ಎಂದು ಕೇಳುವ ಆಸೆಯಾಯಿತು.

ಅಷ್ಟರಲ್ಲಿ ಮ್ಯಾನೇಜರ್ ಸದಾನಂದ ಸೊಂಟದ ಪೇಜರ್ ಸರಿಪಡಿಸಿಕೊಳ್ಳುತ್ತ ಬಂದ. ಉಡುಪಿ ಕಡೆಯವನು, ಜಗಳವನ್ನು ಬೆಣ್ಣೆಯಲ್ಲಿ ಅದ್ದಿ ಮಾತಾಡುವವನು.

"ಬೇಜಾರು ಮಾಡ್ಬೇಡಿ ಸರ್, ಹೊಸ ತಗಡು ಹಾಕಿ ಕೊಡುವ. ಒಂದೇ ಮಾತು. ಮೊದಲು ನೀವೇ ಗುಡ್ಡಕ್ಕೆ ಕೊಂಡುಹೋದದ್ದು ಉಂಟಾ? ಉಂಟು ಅಂತಾದ್ರೆ ಯಾವ ಪೆಟ್ಟು ಯಾರದ್ದು ಅಂತ ಹೇಳುವುದು ಹೇಗೆ? ಇಲ್ಲ ಅಂತ ಹೇಳಿ, ಸಾಕು."

ಇಲ್ಲ ಎನ್ನುವುದು ಸುಲಭವಿತ್ತು. ನಿಜವೂ ಆಗಿತ್ತು. ಆದರೆ ದಸರೆಯಲ್ಲಿ ಒಬ್ಬನೇ ಬಾರಾಮತಿಗೆ ಹೋಗಿಬಂದ ದಿನ, ದಾರಿಯ ಗುಡ್ಡವೊಂದನ್ನು ಹತ್ತಿಸಿದೆನೆಂದು ಅವನು ಶೈಲಾಳಿಗೆ ಹೇಳಿದ್ದ. ಹತ್ತಿಸಿರಲಿಲ್ಲ. ಬುಡದಲ್ಲಿ ಜೀಪು ನಿಲ್ಲಿಸಿ, ಕಬ್ಬಿನ ಹಾಲು ಕುಡಿದು, ಮರಳಿದ್ದ. ಅಂದು ಸಂಜೆ ಅವಳು ಟಿ.ವಿ. ಆರಿಸಿ ಅವನ ತೋಳಿಗೆ ಒರಗಿ ಕೂತು, ಮತ್ತೆ ಹೇಳ್ರಿ ಎಂದಿದ್ದಳು. ಅವಳು ಹಾಗೆ ಕೂತದ್ದು ಅದೊಂದೇ ಸಲ. ಈಗ ಇಲ್ಲ ಎಂದರೆ ಆ ಸಂಜೆಯೂ ಹೋಗುತ್ತಿತ್ತು.

"ಹೇಳ್ರೆಲಾ," ಎಂದಳು ಶೈಲಾ. "ಬಾರಾಮತಿ ದಾರ್ಯಾಗ..."

"ಹೌದ್ರಿ. ನಾನೇ ಹತ್ತಿಸೀನಿ. ತಗಡು ಆವಾಗನ ಬಾಗಿತ್ತು."

ಸದಾನಂದನ ಮುಖ ಅರಳಿತು. ಏಕನಾಥ ಮಾತ್ರ ಸಿದ್ದಾರೂಢನನ್ನು ಮೊದಲ ಸಲ ನೆಟ್ಟಗೆ ನೋಡಿ, ಮೀಸೆಯಡಿ ನಕ್ಕ. ಫೋರ್ ವೀಲ್ ಲೀವರಿಗೆ ಕಂಪನಿ ಸುತ್ತಿದ್ದ, ಅಲ್ಲಿಯವರೆಗೂ ಹಾಗೇ ಇದ್ದ ಪ್ಲಾಸ್ಟಿಕ್ಕನ್ನು ಹರಿದವನು ಏಕನಾಥನೇ. ಅದು ಅವರಿಬ್ಬರಿಗಷ್ಟೇ ಗೊತ್ತಿತ್ತು.

"ಹಾಗಾದ್ರೆ ಲಿಫ್ಟಿಗೆ ಏರಿಸಿ, ಫೋರ್ ವೀಲಿಗೆ ಹಾಕಿ ಚಕ್ರ ಒಮ್ಮೆ ನೋಡುವ," ಎಂದ ಸದಾನಂದ. "ಏಕನಾಥ..."

"ಅವನ್ಯಾಕ?" ಎಂದಳು ಶೈಲಾ. "ನೀವ ಕೂಡ್ರಿ. ನೀವು ಹಾಕೂದು ನಾ ನೋಡೇ ಇಲ್ಲ."

ಅವನು ಹತ್ತಿ ಕೂತ. ಲಿಫ್ಟು ಜೀಪನ್ನೂ ಅವನನ್ನೂ ಆಳೆತ್ತರಕ್ಕೆ ಎತ್ತಿ ನಿಲ್ಲಿಸಿತು. ಇಂಜಿನ್ ಶುರು ಮಾಡಿ ಲೀವರಿಗೆ ಕೈ ಹಾಕಿದ. ಅದು ಜಗ್ಗಲಿಲ್ಲ. ಒತ್ತಿ ಎಳೆಯಬೇಕೋ, ಎಳೆದು ಒತ್ತಬೇಕೋ? ಕೆಳಗಿನಿಂದ ಏಕನಾಥ ಬರಿಗೈಯನ್ನು ಗಾಳಿಯಲ್ಲಿ ಒತ್ತಿ, ಎಳೆದು ತೋರಿಸಿದ. ಶೈಲಾ ಆ ಕೈಯನ್ನು ನೋಡಿದಳು. ಆಮೇಲೆ ಗಂಡನನ್ನು.

ಲೀವರು ಕೂತಿತು. ಗೇರು ಹಾಕಿ ಕ್ಲಚ್ಚು ಬಿಟ್ಟ. ನಾಲ್ಕೂ ಚಕ್ರಗಳು ಒಟ್ಟಿಗೆ ತಿರುಗತೊಡಗಿದವು.

ಏಕನಾಥ ಅವಳ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಿದ್ದ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ನಗುವಿಗೋ, ಹೊಗೆಗೋ, ಮೇಲಿನಿಂದ ತಿಳಿಯಲಿಲ್ಲ. ಸಿದ್ದಾರೂಢ ಆಕ್ಸಿಲರೇಟರ್ ಒತ್ತಿದ, ಇನ್ನಷ್ಟು ಒತ್ತಿದ. ಕೆಳಗೆ ನೆಲವಿಲ್ಲದ ಚಕ್ರಗಳು ಎಲ್ಲಿಗೂ ಹೋಗದೆ ಭೋರೆಂದು ತಿರುಗಿದವು.